ಇಳಿವಯಸ್ಸಿನ ಪದವಿ ಪ್ರತ್ಯಯ: ಒಂದು ಶಾಸ್ತ್ರೀಯ ವಿವೇಚನೆ

ನಾಮಪ್ರಕೃತಿಗೆ ಪ್ರತ್ಯಯ ಹತ್ತಿದರೆ ನಾಮಪದವಾಗುತ್ತದೆ ಎಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಎಲ್ಲರಿಗೂ ಹೇಳಿಕೊಟ್ಟಿದ್ದಾರೆ. ಬಿ.ಎ., ಎಂ.ಎ., ಪಿಜಿ ಡಿಪ್ಲೊಮಾ ಮುಂತಾದವು ಹೆಸರಿನ ಬಲಗಡೆಗೇ ಹತ್ತುವುದರಿಂದ ಅವೂ ಪ್ರತ್ಯಯಗಳೇ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಕೇಶಿರಾಜನಾಗಲಿ ಭಟ್ಟಾಕಳಂಕನಾಗಲಿ ಈ ಬಗ್ಗೆ ಒಂದಕ್ಷರ ಬರೆದಿಲ್ಲ. 1604ರಲ್ಲಿ 592 ಸೂತ್ರಗಳನ್ನು ಬರೆದ ಭಟ್ಟಾಕಳಂಕನಿಗೆ ಇನ್ನೊಂದಕ್ಕೆ ಪುರುಸೊತ್ತಾಗಲಿಲ್ಲವೇ ಎಂದು ದೂರುವಂತಿಲ್ಲ. ಇಳಿವಯಸ್ಸಿನವರಿಗೆ ಪದವಿಯ ದಾರಿ ತೆರೆದ ಅಂಚೆ ಶಿಕ್ಷಣ ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದದ್ದೇ 1962ರಲ್ಲಿ, ಮೈಸೂರಿಗೆ 1969ರಲ್ಲಿ. ಲಕ್ಷ್ಯವೇ ಇಲ್ಲದಾಗ ಲಕ್ಷಣ ಬರೆಯುವುದು ಹೇಗೆ? ಆ ಕೊರತೆಯನ್ನು ತುಂಬುವ ಭಾರ ಕಾಲಧರ್ಮದಿಂದ ಈ ಶಾಸ್ತ್ರಕಾರನ ಹೆಗಲಿಗೆ ಬಿದ್ದಿದೆ.

ಸೂತ್ರ: ಐವತ್ತರ ಮೇಲೆ ಪದವಿ ಬಹುಲಂ.

ವೃತ್ತಿ: ಮಕ್ಕಳ ಓದು ಮುಗಿದು, ಮನೆಸಾಲ ತೀರಿ, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಗೃಹಸ್ಥನಿಗೆ (ಗೃಹಿಣಿಗೆ ಇನ್ನೂ ಹೆಚ್ಚಾಗಿ) ಪದವಿಯ ಬಯಕೆ ಹುಟ್ಟುತ್ತದೆ. ಪ್ರಯೋಗ: ಬ್ಯಾಂಕಿನ ಮ್ಯಾನೇಜರರು ನಿವೃತ್ತರಾಗಿ ಕನ್ನಡ ಎಂ.ಎ.ಗೆ ಸೇರುವುದು, ಕನ್ನಡ ಮೇಷ್ಟ್ರು ನಿವೃತ್ತರಾಗಿ ಎಂ.ಬಿ.ಎ.ಗೆ ಸೇರುವುದು. ಇಬ್ಬರೂ ಜಾಗ ಬದಲಾಯಿಸಿಕೊಂಡದ್ದರಿಂದ ನಾಡಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂಬುದನ್ನು ಗಮನಿಸಬೇಕು.

ಇಲ್ಲಿ ಪೂರ್ವಪಕ್ಷ. ‘ಈ ವಯಸ್ಸಲ್ಲಿ ಇದೆಲ್ಲ ಯಾಕ್ರೀ?’ ಎಂಬುದು ನೆರೆಹೊರೆಯವರ ವಾಕ್ಯ. ಇದಕ್ಕೆ ಉತ್ತರವಾಗಿ ಹಲವು ದರ್ಶನಗಳಿವೆ. ಕಾಲಕ್ಷೇಪವಾದಿಗಳು ಹೊತ್ತು ಹೋಗಲೆಂದು ಓದುತ್ತಾರೆ ಎನ್ನುತ್ತಾರೆ. ಹೊತ್ತು ಕಳೆಯಲು ಟಿ.ವಿ. ಧಾರಾವಾಹಿಗಳಿರುವಾಗ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಯಾರೂ ಆರಿಸಿಕೊಳ್ಳಲಾರರಾದ್ದರಿಂದ ಈ ವಾದ ನಿಲ್ಲದು. ಫಲಕವಾದಿಗಳದು ತುಸು ಗಟ್ಟಿ ವಾದ. ಗೇಟಿನ ನಾಮಫಲಕದಲ್ಲಿ, ಮಗಳ ಮದುವೆಯ ಆಮಂತ್ರಣದಲ್ಲಿ ಹೆಸರಿನ ಮುಂದೆ ಖಾಲಿ ಉಳಿದ ಜಾಗವೇ ಸಕಲ ಉನ್ನತ ಶಿಕ್ಷಣಕ್ಕೂ ಮೂಲವೆಂದು ಅವರ ಮತ. ಮಾವನ ಹೆಸರಿನ ಮುಂದೆ ಮೂರು ಪದವಿಯಿದ್ದು ಅಳಿಯನಿಗೆ ಎರಡೇ ಇದ್ದಲ್ಲಿ ಉಂಟಾಗುವ ಪ್ರಶಾಂತವಾದ ಸಂತೃಪ್ತಿಯನ್ನು ಕಂಡವರು ಈ ಮತವನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೆ ಫಲಕವೇ ಇಲ್ಲದ ಬಾಡಿಗೆ ಮನೆಯವರೂ ಓದುತ್ತಿರುವುದರಿಂದ ಇದಕ್ಕೆ ಅವ್ಯಾಪ್ತಿ ದೋಷ ತಟ್ಟುತ್ತದೆ. ಇನ್ನು ಪಲಾಯನವಾದವೆಂಬುದೊಂದಿದೆ. ಅದನ್ನು ಮಂಡಿಸಿದವರು ಮನೆಯಾಕೆಯಾದ್ದರಿಂದ ಖಂಡಿಸುವ ಧೈರ್ಯ ಈ ಶಾಸ್ತ್ರಕಾರನಿಗಿಲ್ಲ.

ಸಿದ್ಧಾಂತವನ್ನು ವಿಭಕ್ತಿಗಳ ಮೂಲಕವೇ ಹೇಳಬೇಕು. ಹದಿನೆಂಟರಲ್ಲಿ ಸೇರಿದ ಮೊದಲ ಪದವಿ ತೃತೀಯಾ ವಿಭಕ್ತಿಯದು: ಅಪ್ಪನಿಂದ, ಸಿಇಟಿ ರ‍್ಯಾಂಕಿನಿಂದ, ಪಕ್ಕದ ಮನೆಯ ಹುಡುಗನಿಂದ. ಮೂವತ್ತರಲ್ಲಿ ಮಾಡಿದ್ದು ಚತುರ್ಥಿ: ಬಡ್ತಿಗೆ, ಇನ್‌ಕ್ರಿಮೆಂಟಿಗೆ. ಐವತ್ತು ದಾಟಿದ ಮೇಲಿನದೊಂದೇ ಪ್ರಥಮಾ; ಅಲ್ಲಿ ಕರ್ತೃ ತಾನೇ. ಓದೆಂದು ಅಟ್ಟಿದವರಿಲ್ಲ, ಓದಿದರೆ ಸಂಬಳವಿಲ್ಲ, ನಪಾಸಾದರೆ ಬೈಯುವ ತಂದೆಯೂ ಇಲ್ಲ. ಅಸೈನ್‌ಮೆಂಟ್ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಆಗದ ಹೊತ್ತಿನಲ್ಲಿ ಮಾತ್ರ ‘ಮಗನೇ, ಒಂದು ನಿಮಿಷ ಬಾರೋ’ ಎಂದು ಸಂಬೋಧನಾ ವಿಭಕ್ತಿ ಬರುವುದುಂಟು.

ಇನ್ನು ಸಂಧಿಪ್ರಕರಣ. ಭಾನುವಾರದ ಮುಂದೆ ಸಂಪರ್ಕ ತರಗತಿ ಪರವಾದರೆ ಭಾನುವಾರ ಲೋಪವಾಗುತ್ತದೆ. ಪಠ್ಯಪುಸ್ತಕಗಳ ಕಟ್ಟು ಅಂಚೆಯಲ್ಲಿ ಆಗಮವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆಗಮವಾದ ಅಪೂರ್ವ ಪ್ರಯೋಗಗಳೂ ಉಂಟು. ಊಟದ ಮೇಜಿಗೆ ಓದುವ ಮೇಜು ಆದೇಶವಾಗಿ ಬರುತ್ತದೆ. ಅತಿಥಿಗಳು ಬಂದಾಗ ವಿಕಲ್ಪ. ಸಮಾಸದಲ್ಲಿ ಬಹುಕಾಲ ದ್ವಂದ್ವಕ್ಕೆ ನಿಷೇಧವಿತ್ತು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಬಹುದೆಂದು ಅಪ್ಪಣೆ ಕೊಟ್ಟಿತು. ಎರಡೂ ದೂರಶಿಕ್ಷಣದಲ್ಲೇ ಇರಬಹುದು. ಅಂದಿನಿಂದ ಒಂದನ್ನು ಮುಗಿಸಲಾಗದವರು ಎರಡನ್ನು ಮುಗಿಸದಿರುವ ಸ್ವಾತಂತ್ರ್ಯ ಪಡೆದಿದ್ದಾರೆ.

ಗಣಿತವನ್ನೂ ಕಡೆಗಣಿಸಬಾರದು. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. 80 ಕ್ರೆಡಿಟ್‌ನ ಎಂ.ಎ.ಗೆ 2,400 ಗಂಟೆ. ದಿನಕ್ಕೆ ಎರಡು ಗಂಟೆಯಂತೆ 1,200 ದಿನ. ಕೋರ್ಸಿನ ಎರಡು ವರ್ಷದಲ್ಲಿ ಇರುವುದು 730 ದಿನ. ಉಳಿದ 470 ದಿನಗಳು ಎಲ್ಲಿಂದ ಬರುತ್ತವೆಂಬುದು ವೇದಾಂತಿಗಳಿಗೆ ಬಿಟ್ಟ ವಿಷಯ. ಅನುಭವಿಗಳ ಪ್ರಕಾರ ಅವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿಯಲ್ಲಿ ಅಡಗಿರುತ್ತವೆ.

ಪರೀಕ್ಷಾಪ್ರಕರಣದಲ್ಲಿ ಭ್ರಾಂತಿಮದಲಂಕಾರ ಸಹಜ. ನರೆಗೂದಲ ಅಭ್ಯರ್ಥಿ ಕೊಠಡಿಗೆ ಕಾಲಿಟ್ಟೊಡನೆ ಹುಡುಗರೆಲ್ಲ ಎದ್ದು ನಿಲ್ಲುತ್ತಾರೆ. ಅವರು ಕೊನೆಯ ಬೆಂಚಿಗೆ ಹೋಗಿ ಕೂತಾಗ ರಸಭಂಗ. ಮೂರು ಗಂಟೆ ಕೈಯಲ್ಲಿ ಬರೆಯುವುದು ವಾಟ್ಸ್ಆ್ಯಪಿಗೆ ಪಳಗಿದ ಹೆಬ್ಬೆರಳಿಗೆ ಹಠಯೋಗವೇ ಸರಿ. ಉತ್ತರಗಳಲ್ಲಿ ಸ್ವಾನುಭವ ಉಕ್ಕಿ ಹರಿಯುವುದು ಈ ವಯಸ್ಸಿನ ಇನ್ನೊಂದು ಲಕ್ಷಣ. ಸಾರ್ವಜನಿಕ ಆಡಳಿತದ ಪತ್ರಿಕೆಯಲ್ಲಿ ‘ಅಧಿಕಾರಶಾಹಿಯ ದೋಷಗಳನ್ನು ವಿವರಿಸಿ’ ಎಂದು ಕೇಳಿದರೆ ಕಂದಾಯ ಇಲಾಖೆಯ ನಿವೃತ್ತರು ಹೆಚ್ಚುವರಿ ಹಾಳೆ ಕೇಳದೆ ಬಿಡುವುದಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಬರೆದ ಹುಡುಗನಿಗೆ ಇವರಿಗಿಂತ ಹೆಚ್ಚು ಅಂಕ ಬರುತ್ತದೆ. ಅದು ನ್ಯಾಯವೆಂದು ನನಗನಿಸುವುದಿಲ್ಲ.

ಪೂರ್ವಾಚಾರ್ಯರಲ್ಲಿ ಅಗ್ರಗಣ್ಯರು ನಾಗಪುರದ ಶ್ರೀಕಾಂತ ಜಿಚ್ಕಾರ್. 1973ರಿಂದ 1990ರೊಳಗೆ 42 ವಿಶ್ವವಿದ್ಯಾಲಯ ಪರೀಕ್ಷೆ ಬರೆದು 20 ಪದವಿ ಪಡೆದರು. ವೈದ್ಯಕೀಯದಿಂದ ಸಂಸ್ಕೃತದವರೆಗೆ ಬಿಟ್ಟದ್ದು ಕಡಿಮೆ. ನಡುವೆ ಐಪಿಎಸ್, ಐಎಎಸ್ ಎರಡನ್ನೂ ಗೆದ್ದು, ಎರಡನ್ನೂ ಬಿಟ್ಟು, ಶಾಸಕರಾದರು. ಅವರು ತರುಣರಾಗಿದ್ದಾಗಲೇ ಇದನ್ನೆಲ್ಲ ಮುಗಿಸಿದ್ದರಿಂದ ನಮ್ಮ ಸೂತ್ರಕ್ಕೆ ಅಪವಾದವೆಂದೇ ಗಣಿಸಬೇಕು. ಸೂತ್ರಕ್ಕೆ ಅಚ್ಚುಕಟ್ಟಾಗಿ ಒಪ್ಪುವ ಉದಾಹರಣೆ ಬಿಹಾರದ್ದು: ಪಾಟ್ನಾದ ಹಿರಿಯರೊಬ್ಬರು 2017ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ, ನಳಂದ ಮುಕ್ತ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದ ಎಂ.ಎ. ಪಾಸು ಮಾಡಿದರು. ‘ಈ ವಯಸ್ಸಲ್ಲಿ ಯಾಕ್ರೀ’ ಎನ್ನುವವರಿಗೆ ಇನ್ನು ಮುಂದೆ 98ರ ಕೆಳಗೆ ಬಾಯಿ ತೆರೆಯುವ ಅಧಿಕಾರವಿಲ್ಲ.

ಕಡೆಗೆ ಪ್ರತ್ಯಯಲೋಪ. ಇಲ್ಲಿ ಪಾಂಡಿತ್ಯದ ಶಾಲು ಸ್ವಲ್ಪ ಪಕ್ಕಕ್ಕಿಡುತ್ತೇನೆ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಿಂದ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಯುಜಿಸಿ ಮಾನ್ಯತೆ ಇಲ್ಲವಾಗಿ, 2018ರಲ್ಲಷ್ಟೇ ಮತ್ತೆ ಸಿಕ್ಕಿತು. ತಮ್ಮ ಸಂತೋಷಕ್ಕೆ ಓದುತ್ತಿದ್ದ ನಿವೃತ್ತರಿಗೆ ಅದು ಬೇಸರದ ಸುದ್ದಿ. ಹಗಲು ದುಡಿದು ರಾತ್ರಿ ಓದಿ ಕೆಲಸದ ಅರ್ಜಿಗೆ ಆ ಪ್ರಮಾಣಪತ್ರ ಲಗತ್ತಿಸಬೇಕೆಂದಿದ್ದವರಿಗೆ ಅದು ಬೇಸರವಷ್ಟೇ ಆಗಿರಲಿಲ್ಲ. ಪ್ರತ್ಯಯ ಹತ್ತಿದೆ, ಆದರೆ ಉಚ್ಚರಿಸುವಂತಿಲ್ಲ ಎಂಬ ಇಂಥ ಸ್ಥಿತಿಗೆ ಯಾವ ವ್ಯಾಕರಣದಲ್ಲೂ ಹೆಸರಿಲ್ಲ.

ಆದ್ದರಿಂದ ಶಾಸ್ತ್ರವನ್ನು ಇಲ್ಲಿಗೆ ನಿಲ್ಲಿಸಿ, ಅರ್ಜಿ ಹಾಕಲು ಹೊರಟ ಓದುಗರಲ್ಲಿ ಒಂದು ವಿನಂತಿ. ಶುಲ್ಕ ಕಟ್ಟುವ ಮೊದಲು ಯುಜಿಸಿ ದೂರಶಿಕ್ಷಣ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇವೆಯೇ ಎಂದು ನೋಡಿಕೊಳ್ಳಿ. ಅಸೈನ್‌ಮೆಂಟ್ ಒಪ್ಪಿಸುವಾಗ ಜೆರಾಕ್ಸ್ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ.