ಎಂಜಿಬಿ ಶೃಂಗಾರ: ವಿಪ್ರಲಂಭ ಪ್ರಕರಣ

ಶೃಂಗಾರಕ್ಕೆ ಸಂಯೋಗ, ವಿಪ್ರಲಂಭ ಎಂದು ಎರಡು ಮುಖ; ಎರಡರಲ್ಲಿ ವಿಪ್ರಲಂಭವೇ ಹೆಚ್ಚು ಮಧುರವೆಂದು ಆಲಂಕಾರಿಕರು ಎಂದೋ ತೀರ್ಪು ಕೊಟ್ಟಿದ್ದಾರೆ. ಆದರೆ ನಾಯಕಿ ಊರು ಬಿಡದೆ, ಮುನಿಸಿಕೊಳ್ಳದೆ, ಮನೆಯ ಷೆಡ್ಡಿನಲ್ಲೇ ಎಂಜಿನ್ ಬಿಚ್ಚಿಸಿಕೊಂಡು ನಿಂತಿರುವಾಗ ಹುಟ್ಟುವ ವಿರಹವನ್ನು ಅವರ್ಯಾರೂ ಚರ್ಚಿಸಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬಲು ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನೂ, ಅದನ್ನು ಆಜೀವ ಪ್ರೀತಿಸುವ ಅಲ್ಲಿನ ಗೃಹಸ್ಥನನ್ನೂ ಇಲ್ಲಿ ಲಕ್ಷ್ಯವಾಗಿ ಇಟ್ಟುಕೊಳ್ಳಲಾಗಿದೆ.

ಮೊದಲು ನಾಯಕಿಯ ಕುಲಗೋತ್ರ. ವಿಲಿಯಂ ಮಾರಿಸ್‌ಗೆ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಿತ್ತು. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಚೆಲುವಾದ ಬಾಡಿ ಕಟ್ಟಿಸಿ ಮಾರತೊಡಗಿದ. ಎಂಜಿ ವಂಶ ಅಲ್ಲಿಂದ ಶುರು. ಎಂಜಿಬಿ ಅವತರಿಸಿದ್ದು 1962ರಲ್ಲಿ, ಆಬಿಂಗ್ಡನ್ ಕಾರ್ಖಾನೆಯಲ್ಲಿ. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, ಗಂಟೆಗೆ 160 ಕಿಲೋಮೀಟರಿಗೆ ತುಸು ಮಿಗಿಲಾದ ವೇಗ. 1980ರಲ್ಲಿ ಕಾರ್ಖಾನೆಗೆ ಬೀಗ ಬೀಳುವ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿದ್ದವು. ಅಂದರೆ ಇದು ಅರಮನೆಯ ನಾಯಕಿಯಲ್ಲ. ಮೇಷ್ಟರ ಸಂಬಳದವನೂ ವರಿಸಬಹುದಾದವಳು. (ಬೆಂಗಳೂರಿನಲ್ಲಿ ಈಗ ಸದ್ದಿಲ್ಲದೆ ಓಡಾಡುವ ಎಂಜಿ ಎಲೆಕ್ಟ್ರಿಕ್ ಕಾರುಗಳ ಹೆಸರು ಚೀನಾದ ಕಂಪನಿಯ ಕೈಸೇರಿದ ಅದೇ ಹೆಸರು. ಗೋತ್ರ ಒಂದೇ, ರಕ್ತಸಂಬಂಧವಿಲ್ಲ.)

ಉದ್ದೀಪನ ವಿಭಾವಗಳು: ಪೆಟ್ರೋಲಿನ ವಾಸನೆ, ನೆಲದ ಮೇಲೆ ಎಣ್ಣೆಯ ತೊಟ್ಟು, ಮಳೆ. ಇಂಗ್ಲೆಂಡಿನಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ. ಆದರೂ ಆರಂಭದ ಎಂಜಿಬಿಗಳಲ್ಲಿ ಅಗ್ಗದ ಬಗೆಯ ಟಾಪನ್ನು ಬಿಚ್ಚಿ ಡಿಕ್ಕಿಯಲ್ಲಿಡಬೇಕಿತ್ತು. ಹನಿ ಬಿದ್ದಾಗ ಕಾರು ನಿಲ್ಲಿಸಿ ಕೆಳಗಿಳಿದು, ಸರಳುಗಳನ್ನು ಜೋಡಿಸಿ, ಅದರ ಮೇಲೆ ಬಟ್ಟೆ ಎಳೆಯಬೇಕು. ಟಾಪು ಹಾಕಿ ಮುಗಿಯುವಷ್ಟರಲ್ಲಿ ನಾಯಕನಿಗೆ ಅದರ ಅಗತ್ಯ ಉಳಿದಿರುವುದಿಲ್ಲ.

ಇನ್ನು ವಿದ್ಯುತ್ ವಿಚಾರ. ಗ್ರಂಥ ಇಲ್ಲಿ ಕೊಂಚ ವಿಸ್ತಾರವಾಗುತ್ತದೆ, ವಿಷಯವೇ ಅಂಥದ್ದು.

1974ರವರೆಗಿನ ಎಂಜಿಬಿಗೆ ಆರು ವೋಲ್ಟಿನ ಎರಡು ಬ್ಯಾಟರಿ. ಎರಡೂ ಸೀಟುಗಳ ಹಿಂದೆ, ನೆಲದ ಕೆಳಗೆ. ಅವುಗಳ ದರ್ಶನವಾಗಬೇಕಾದರೆ ಹಿಂದಿಟ್ಟ ಸಾಮಾನನ್ನೆಲ್ಲ ಹೊರಗೆ ಹಾಕಿ, ಕಾರ್ಪೆಟ್ ಎತ್ತಿ, ಮುಚ್ಚಳ ತೆಗೆಯಬೇಕು. ದರ್ಶನ ಕಷ್ಟವಾದ್ದರಿಂದ ಸೇವೆ ತಪ್ಪುತ್ತದೆ, ಸೇವೆ ತಪ್ಪಿದ್ದರಿಂದ ಕಾರು ಸ್ಟಾರ್ಟ್ ಆಗುವುದಿಲ್ಲ. 1967ರವರೆಗೆ ಅರ್ತ್ ಕೂಡ ಪಾಸಿಟಿವ್. ಇದನ್ನರಿಯದೆ ಹೊಸ ರೇಡಿಯೊ ಜೋಡಿಸಿದವನಿಗೆ ಸಂಗೀತದ ಬದಲು ಸುಟ್ಟ ವಾಸನೆ ದಕ್ಕುತ್ತಿತ್ತು.

ದೀಪ, ವೈಪರ್ ಮುಂತಾದವು ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯವು. ಆ ಕಂಪನಿ ಹತ್ತೊಂಬತ್ತನೇ ಶತಮಾನದಲ್ಲಿ ಸೈಕಲ್ಲಿಗೆ ಮಾಡಿದ ದೀಪಕ್ಕೆ ‘ರಸ್ತೆಯ ರಾಜ’ ಎಂದು ಹೆಸರಿಟ್ಟಿತ್ತು. ಕಾರಿನವರು ಸಂಸ್ಥಾಪಕ ಜೋಸೆಫ್ ಲೂಕಸ್‌ಗೆ ಕೊಟ್ಟ ಬಿರುದು ‘ಕತ್ತಲ ರಾಜಕುಮಾರ’. ಅವರ ಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಧೂಮಸಿದ್ಧಾಂತವೂ ಇದೆ: ವೈರುಗಳಲ್ಲಿ ಹರಿಯುವುದು ವಿದ್ಯುತ್ತಲ್ಲ, ಹೊಗೆ, ಹೊಗೆ ಹೊರಗೆ ಬಿತ್ತೆಂದರೆ ಆ ಭಾಗ ಕೆಲಸ ನಿಲ್ಲಿಸುತ್ತದೆ, ಹೊಗೆ ಬಂದ ಮೇಲೂ ನಡೆದ ಭಾಗವನ್ನು ಕಂಡವರಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಿ ತೃಪ್ತರಾದ ನಮ್ಮ ನೈಯಾಯಿಕರಿಗೆ ಈ ವ್ಯಾಪ್ತಿ ಹೊಳೆಯಲೇ ಇಲ್ಲ. ಅವರ ಬಳಿ ಎಂಜಿಬಿ ಇರಲಿಲ್ಲ.

ಅನುಭಾವಕ್ಕೆ ಒಂದೇ ನಿದರ್ಶನ ಸಾಕು. ಪೆಟ್ರೋಲ್ ಪಂಪು ಹಿಂದಿನ ಬಲಚಕ್ರದ ಬಳಿ ಇದೆ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅನ್ನಬೇಕು. ಅದರ ಪಾಯಿಂಟ್ ಕೊಳೆಯಾದರೆ ಮೌನ. ಆಗ ನಾಯಕ ಇಳಿದು ಹೋಗಿ ಸ್ಪ್ಯಾನರಿನಿಂದ ಅದಕ್ಕೊಂದು ಏಟು ಕೊಡುತ್ತಾನೆ. ಪಂಪು ಮತ್ತೆ ಮಾತಾಡುತ್ತದೆ. ದಾರಿಹೋಕರಿಗೆ ಇದು ಸಿಟ್ಟಾಗಿ ಕಾಣಬಹುದು. ಶಾಸ್ತ್ರದಲ್ಲಿ ಇದಕ್ಕೆ ಪ್ರಣಯಕಲಹವೆಂದು ಹೆಸರು. ಭರತ ಹೇಳಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ತಂಭ, ಸ್ವೇದ, ಕಂಪಗಳು ದಾರಿಯಲ್ಲೇ ಕಾಣಿಸಿಕೊಳ್ಳುತ್ತವೆ. ಪ್ರಲಯ, ಅಂದರೆ ಮೂರ್ಛೆ, ಗ್ಯಾರೇಜಿನ ಬಿಲ್ ಬಂದಾಗ.

ವಿರಹದ ನಿಜವಾದ ಕಾರಣ ಮಾತ್ರ ತುಕ್ಕು. ಎಂಜಿಬಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ಬಾಗಿಲಡಿಯ ಸಿಲ್‌ಗಳು ತಿಂದುಹೋದರೆ ಕಾರಿನ ನಡು ಕುಸಿಯುತ್ತದೆ. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಆದ್ದರಿಂದ ಕಾರನ್ನು ಮನಸಾರೆ ಪ್ರೀತಿಸುವವನು ಆ ತಿಂಗಳುಗಳಲ್ಲಿ ಅದನ್ನು ಹೊರಗೆ ತೆಗೆಯುವುದೇ ಇಲ್ಲ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳಿಂದಲೇ ಹೊಸ ಬಾಡಿಗಳನ್ನು ಮಾಡಿ ಮಾರತೊಡಗಿತು. ಎಂಜಿನ್ ಬದಲಾಯಿತು, ಗೇರ್‌ಬಾಕ್ಸ್ ಬದಲಾಯಿತು, ಈಗ ದೇಹವೂ ಹೊಸತು. ಹಾಗಾದರೆ ಪ್ರೀತಿಸುತ್ತಿರುವುದು ಯಾರನ್ನು? ಈ ಜಿಜ್ಞಾಸೆಗೆ ಮಾಲೀಕರು ನಂಬರ್ ಪ್ಲೇಟನ್ನು ತೋರಿಸುತ್ತಾರೆ. ಬ್ರಿಟನ್ನಿನ ಕಾಯಿದೆ ನಲವತ್ತು ವರ್ಷ ದಾಟಿದ ಇಂಥ ಕಾರಿಗೆ ರಸ್ತೆ ತೆರಿಗೆ ಮನ್ನಿಸಿದೆ. ಮಹತ್ತರ ಮಾರ್ಪಾಡು ಆಗಿರದಿದ್ದರೆ 2018ರಿಂದ ವಾರ್ಷಿಕ ತಪಾಸಣೆಯೂ ಇಲ್ಲ. ಭಾರತದ 2021ರ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ: ಐವತ್ತು ದಾಟಿದ ವಿಂಟೇಜ್ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸಲೇಕೂಡದು. ವಿಪ್ರಲಂಭವನ್ನು ಗೆಜೆಟ್ಟಿನಲ್ಲೇ ಸೇರಿಸಿದ ಕೀರ್ತಿ ನಮ್ಮ ಸರ್ಕಾರದ್ದು.

ಪೂರ್ವಪಕ್ಷ: 1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಎಂಎಕ್ಸ್-5 ತಂದಿತು. ಅದೇ ಎರಡು ಸೀಟು, ಅದೇ ತೆರೆದ ಟಾಪು, ಮೇಲಾಗಿ ದಿನವೂ ಸ್ಟಾರ್ಟ್ ಆಗುತ್ತದೆ. ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾಗಿದೆ. ಅದನ್ನೇ ಏಕೆ ಕೊಳ್ಳಬಾರದು? ಉತ್ತರ: ದಿನವೂ ಸ್ಟಾರ್ಟ್ ಆದರೆ ಅದು ದಾಂಪತ್ಯ, ನಮ್ಮ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಜಪಾನಿನವರಿಗೂ ಇದು ಗೊತ್ತಿದ್ದಂತಿದೆ. 1992ರ ನಂತರ ಹೆರಿಟೇಜ್ ಬಾಡಿಯ ಆಧಾರದ ಮೇಲೆ ಕಟ್ಟಿದ ಸುಮಾರು ಎರಡು ಸಾವಿರ ಎಂಜಿ ಆರ್‌ವಿ8 ಕಾರುಗಳಲ್ಲಿ ಹೆಚ್ಚಿನವು ಹೋದದ್ದು ಜಪಾನಿಗೇ.

ಇಷ್ಟು ಓದಿಯೂ ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಲಿ. ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ ಸಿಲ್‌ಗೆ ಅದು ಅಂಟುವುದಿಲ್ಲ.