ವಾಚ್ ಹಚ್ಚುವ ಅಳಿಯ

ಪಂಚಮಿ ಬಂತೆಂದರೆ ಅಣ್ಣಿಗೇರಿಯ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅವರ ಹಿಂದೆ ಎರಡು ದಿನ ತಡವಾಗಿ, ಬೆನ್ನಿಗೊಂದು ಕರೀ ಬ್ಯಾಗು ಏರಿಸಿಕೊಂಡು, ಹುಬ್ಬಳ್ಳಿ ಕಡೆಯ ರೈಲಿನಿಂದ ಇಳಿಯುವವನೇ ಸಾಫ್ಟ್‌ವೇರ್ ಅಳಿಯ. ಓಣಿಗೊಬ್ಬನಾದರೂ ಇರುತ್ತಾನೆ, ಗುರುತು ಹಿಡಿಯುವುದೂ ಸುಲಭ. ಹಳೇ ಕಾಲದ ಅಳಿಯ ಕೈಕಾಲು ತೊಳೆದು ನೇರ ಜಗಲಿಯ ಮುಂದೆ ಹೋಗಿ ನಮಸ್ಕಾರ ಮಾಡುತ್ತಿದ್ದ. ಈತ ಪಡಸಾಲೆಯ ನಡುವೆ ನಿಂತು ನಾಲ್ಕೂ ಗೋಡೆ ದಿಟ್ಟಿಸುತ್ತಾನೆ. ಅಳಿಯಾರು ದೇವರ ಫೋಟೋ ನೋಡುತ್ತಿದ್ದಾರೆಂದು ಅತ್ತೆಗೆ ಸಂತೋಷ. ಅವನು ಹುಡುಕುತ್ತಿರುವುದು ಪ್ಲಗ್ ಪಾಯಿಂಟು.

ಊರು ಆದಿಕವಿ ಪಂಪನದು ಎಂದು ನಾವು ಹೆಮ್ಮೆಪಡುತ್ತೇವೆ. ಈತ ಕೇಳುವುದು ನೆಟ್‌ವರ್ಕ್ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು. ಹೆಂಡತಿ ಎಳೆದುಕೊಂಡು ಅಮೃತೇಶ್ವರ ಗುಡಿಗೆ ಹೋದರೆ ಚಾಲುಕ್ಯರ ಕಾಲದ ಆ 76 ಕಂಬಗಳ ನಡುವೆ ನಿಂತು ಒಂದೇ ಮಾತು ಆಡುತ್ತಾನೆ: “76 ಕೋರ್ ಮಷಿನ್ ಇದ್ದಂಗ ಐತಿ.”

ಈತನ ನಿಜವಾದ ಗುಣ ಹೊರಬೀಳುವುದು ರಾತ್ರಿ. ಎಲ್ಲರೂ ಮಲಗಿದ ಮೇಲೆ ಮಾಳಿಗೆ ಹತ್ತಿ ಫೋನಿನಲ್ಲಿ ಪಿಸುಗುಡುತ್ತಾನೆ: “ಟೋಟಲ್ ಕಡಿಮಿ ಬರಾಕತ್ತೈತಿ. ಯಾರೋ ನಡುವ ಕೈ ಹಾಕ್ಯಾರ. ನಾ ವಾಚ್ ಹಚ್ಚಿ ಕುಂತೀನಿ, ಈ ಸಲ ಬಿಡಾಂಗಿಲ್ಲ.” ಮರುದಿನ ಮುಂಜಾನೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಅತ್ತೆಯನ್ನು ವಿಚಾರಿಸುತ್ತಾಳೆ: “ನಿಮ್ಮ ಅಳಿಯಾರು ಪೊಲೀಸ್ ಖಾತ್ಯಾಗ ಅದಾರೇನ್ರೀ ಯಕ್ಕಾ?”

ಪೂರಾ ಸುಳ್ಳೇನಲ್ಲ. ಒಂದೇ ಪ್ರೋಗ್ರಾಮಿನೊಳಗೆ ಹತ್ತಾರು ಥ್ರೆಡ್ಡುಗಳು ಏಕಕಾಲಕ್ಕೆ ಓಡುವಾಗ ನೆನಪಿನ ಯಾವುದೋ ಒಂದು ಜಾಗದ ಮೌಲ್ಯ ಕೆಡುತ್ತದೆ. ಯಾರು ಕೆಡಿಸಿದರೆಂದು ತಿಳಿಯದು. ಆಗ ಡಿಬಗ್ಗರ್‌ಗೆ ಆ ಜಾಗ ತೋರಿಸಿ, ಇದನ್ನು ಯಾರು ಬದಲಿಸಿದರೂ ಅಲ್ಲೇ ಹಿಡಿದು ನಿಲ್ಲಿಸು ಎಂದು ಹೇಳಿದರೆ ಅದೇ ವಾಚ್‌ಪಾಯಿಂಟು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಎಂಬ ಡಿಬಗ್ಗರ್ ಇವತ್ತಿಗೂ ಇಂಥ ಅಳಿಯಂದಿರ ಮನೆದೇವರು.

ಆದರೆ ಅಳಿಯ ಸೀದಾ ವಾಚ್‌ಪಾಯಿಂಟಿಗೆ ಬರುವವನಲ್ಲ. ಮೊದಲು, ನನ್ನ ಮಷಿನ್‌ನಲ್ಲಿ ಸರಿ ಇದೆ ಎಂದು ವಾದಿಸುತ್ತಾನೆ. ಆಮೇಲೆ ಸಾಲಿಗೊಂದು ಪ್ರಿಂಟ್ ತುರುಕುತ್ತಾನೆ. ಪ್ರಿಂಟ್ ಹಾಕಿದ ಕೂಡಲೆ ಬಗ್ ಮಾಯ! ಪ್ರಿಂಟಿಗೆ ಹಿಡಿಯುವ ಚೂರು ಸಮಯದಲ್ಲಿ ಥ್ರೆಡ್ಡುಗಳ ಹಿಂದುಮುಂದು ಬದಲಾಗಿರುತ್ತದೆ, ಅಷ್ಟೆ. ಬಗ್ ಹೋಯಿತೆಂದು ಎರಡು ಶೇಂಗಾ ಉಂಡಿ ತಿಂದು, ಪ್ರಿಂಟ್ ತೆಗೆಯುತ್ತಾನೆ. ಬಗ್ ಹಾಜರು. ನೋಡಲು ಹೋದರೆ ಅಡಗುವ ಇಂಥ ದೋಷಕ್ಕೆ ಹೈಸೆನ್‌ಬಗ್ ಎನ್ನುತ್ತಾರೆ. 1985ರಲ್ಲೇ ಜಿಮ್ ಗ್ರೇ ಎಂಬ ಕಂಪ್ಯೂಟರ್ ವಿಜ್ಞಾನಿ ತನ್ನ ಪ್ರಬಂಧದಲ್ಲಿ ಈ ಹೆಸರು ಬಳಸಿದ್ದ.

ಊಟಕ್ಕೆ ಕರೆದು ಕರೆದು ಅತ್ತೆಗೆ ಸಾಕಾಗುತ್ತದೆ. “ರೊಟ್ಟಿ ಆರ್ತಾವ, ಬರ್ರಿ. ಅದೇನ ಅಷ್ಟ ದೊಡ್ಡ ಕೆಲಸ?”

ಅಳಿಯನಿಗೆ ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಉತ್ತರವಿದೆ. “ಅತ್ತೀ, 2003ರ ಆಗಸ್ಟ್ 14ಕ್ಕ ಅಮೆರಿಕಾ, ಕೆನಡಾದಾಗ ಸುಮಾರ 5 ಕೋಟಿ ಮಂದಿಗೆ ಕರೆಂಟ್ ಹೋಗಿತ್ತು. ಲೈನ್ ಗಿಡಕ್ಕ ತಾಗಿದ್ದು ಖರೆ. ಆದ್ರ ಕಂಟ್ರೋಲ್ ರೂಮಿನ ಅಲಾರಾಂ ಬಾರಿಸಲೇ ಇಲ್ಲ. ಅದರ ಸಾಫ್ಟ್‌ವೇರ್‌ನಾಗ ಇಂಥದ್ದ ಬಗ್ ಇತ್ತು. ತಾಸಿನ ಮ್ಯಾಲೆ ಅಲ್ಲಿದ್ದಾವರಿಗೆ ಗೊತ್ತಾಗಲಿಲ್ಲ.”

“ನಮ್ಮಲ್ಲಿ ದಿನಾ ಹೋಗತೈತಿ. ನಮಗ ಗೊತ್ತಾಗತೈತಿ. ಉಣ್ಣಾಕ ಏಳ್ರಿ.”

ಪ್ರಿಂಟ್ ಕೈಕೊಟ್ಟ ಮೇಲೆ ವಾಚ್‌ಪಾಯಿಂಟು. ಇಲ್ಲೂ ಅಳಿಯನ ಹಣೆಬರಹ ಕಿರಿದು. ಇಂಟೆಲ್ 1985ರಲ್ಲಿ ಹೊರತಂದ 80386ರಿಂದ ಇವತ್ತಿನ ಲ್ಯಾಪ್‌ಟಾಪಿನವರೆಗೆ, ಆ ವಂಶದ ಪ್ರೊಸೆಸರ್ ಕಾವಲಿಗೆ ಕೊಟ್ಟಿರುವ ರಿಜಿಸ್ಟರುಗಳು ನಾಲ್ಕೇ. ಒಂದೊಂದು ಕಾಯುವುದು ಹೆಚ್ಚೆಂದರೆ 8 ಬೈಟು. ಐದನೆಯ ಜಾಗಕ್ಕೆ ಹಚ್ಚಿದರೆ ಜಿಡಿಬಿ ಆಗುವುದಿಲ್ಲ ಎನ್ನುತ್ತದೆ. ಒಲೆಯ ಮೇಲಿನ ಹಾಲು, ಬಿಸಿಲಿಗಿಟ್ಟ ಹಪ್ಪಳ, ಜೋಕಾಲಿ ಆಡುವ ಮೊಮ್ಮಗ, ಬಾಗಿಲ ಬಳಿಯ ಬೆಕ್ಕು, ಪಕ್ಕದ ಮನೆಯ ಮಾತು ಇವೈದನ್ನೂ ಒಟ್ಟಿಗೆ ಕಾಯುವ ಅತ್ತೆಯ ಮುಂದೆ ಇಂಟೆಲ್ ಬಡವ.

ಹಾರ್ಡ್‌ವೇರ್ ಕಾವಲು ಬೇಡವೆಂದರೆ ಸಾಫ್ಟ್‌ವೇರ್ ಕಾವಲೂ ಉಂಟು. ಅದು ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ, ಪ್ರತಿ ಹೆಜ್ಜೆಗೂ ಮೌಲ್ಯ ಬದಲಾಯಿತೇ ಎಂದು ನೋಡುತ್ತದೆ. ನೂರಾರು ಪಟ್ಟು ನಿಧಾನ. ಸಾಲದ್ದಕ್ಕೆ, ಅದು ನಂಬಿಕೆಯಿಂದ ಕಾಯುವುದು ಒಂದೇ ಥ್ರೆಡ್ಡನ್ನು. ಬೇರೆ ಥ್ರೆಡ್ಡು ಬಂದು ಕೆಡಿಸಿಹೋದರೆ ಗೊತ್ತೇ ಆಗದಿರಬಹುದು. ಎಲ್ಲ ಥ್ರೆಡ್ಡುಗಳ ಮೇಲೂ ಕಣ್ಣಿಡುವುದು ಹಾರ್ಡ್‌ವೇರ್ ಕಾವಲೇ. ಹೀಗಾಗಿ ಅಳಿಯ ಆ ನಾಲ್ಕು ರಿಜಿಸ್ಟರನ್ನು ಜಿಪುಣನಂತೆ ಖರ್ಚು ಮಾಡುತ್ತಾನೆ.

ಒಂದು ಮಧ್ಯಾಹ್ನ ಕೂಗು ಕೇಳುತ್ತದೆ: “ಸಿಕ್ಕ!” ಮನೆಯವರೆಲ್ಲ ಓಡಿಬರುತ್ತಾರೆ. ಪರದೆಯ ಮೇಲೆ ಮೂರು ಸಾಲು: ಹಳೇ ಮೌಲ್ಯ 700, ಹೊಸ ಮೌಲ್ಯ 600, ಮುಟ್ಟಿದವನು 3ನೇ ಥ್ರೆಡ್ಡು. ಬರೆದಾದ ಮೇಲೆಯೇ ಡಿಬಗ್ಗರ್ ನಿಲ್ಲಿಸುವುದರಿಂದ ಬಾಣದ ಗುರುತು ಮುಂದಿನ ಸಾಲಿಗೆ ಬಂದಿರುತ್ತದೆ. ಕಣ್ಣು ಒಂದು ಸಾಲು ಹಿಂದಕ್ಕೆ ಹೋಗಬೇಕು. ಅಳಿಯ ಅಷ್ಟು ಹೊತ್ತಿಗಾಗಲೇ 3ನೇ ಥ್ರೆಡ್ಡು ಬರೆದ ಸಹೋದ್ಯೋಗಿಗೆ ಫೋನ್ ಹಚ್ಚಿ ಬೈಯಲು ಶುರುಮಾಡಿರುತ್ತಾನೆ.

ಈ ಜಾತಿಯ ಅಳಿಯನ ಮುಖ್ಯ ಲಕ್ಷಣವೇ ಇದು. ಕೊನೆಗೆ ಮುಟ್ಟಿದವನೇ ಇವನ ಪಾಲಿಗೆ ಕಳ್ಳ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆರೆದಿದ್ದರೂ ಕೊನೆಗೆ ಯಾರು ಮುಟ್ಟಿದರೆಂದೇ ವಿಚಾರಣೆ.

ಮಾವನದು ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ. ಹೆಸರು ಮಾರಿ ರೊಕ್ಕ ಕೈಗೆ ಬರುವ ತನಕ ರೈತರದು ಉದ್ರಿ. ಫೋನಿನ ಬೈಗುಳ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ಅಡಕೆ ಬಾಯಿಗೆ ಹಾಕಿಕೊಂಡು ಮಾವ ಕೇಳುತ್ತಾನೆ: “ಅಳಿಯಾರ, ಮೊದಲ ಎಷ್ಟಿತ್ತು?”

“500 ಮಾವಾರ. ಒಂದು ಥ್ರೆಡ್ 200 ಕೂಡಿಸಬೇಕು, ಇನ್ನೊಂದು 100. ಒಟ್ಟ 800 ಆಗಬೇಕಿತ್ತು.”

“ಹಂಗಾದ್ರ ಇದು ನಮ್ಮ ಉದ್ರಿ ಪುಸ್ತಕದ ಕತಿ. ಗಿರಾಕಿ ಲೆಕ್ಕ 500 ಇತ್ತು. ನಾನೂ ನೋಡಿದೆ, ನನ್ನ ಮಗಾನೂ ನೋಡಿದ. ನಾ ಎಣ್ಣಿ ಕೊಟ್ಟು 700 ಅಂತ ಬರದೆ. ಅಂವ ಸಕ್ರಿ ಕೊಟ್ಟು, ತನ್ನ ತಲ್ಯಾಗಿನ 500ಕ್ಕ 100 ಕೂಡಿಸಿ 600 ಅಂತ ಬರದ. ನನ್ನ 200 ರೂಪಾಯಿ ಎಣ್ಣಿ ಪುಕ್ಕಟ ಹೋತು. ಇದರಾಗ ಅವನ ತಪ್ಪೇನ ಐತಿ? ನಾ ಹಿಂದ ಬರದಿದ್ರ ನಾನ ಕಳ್ಳ ಆಗತಿದ್ದೆ.”

ಅಳಿಯನ ಫೋನು ತಾನಾಗಿ ಕಿವಿಯಿಂದ ಕೆಳಗಿಳಿಯುತ್ತದೆ.

“ಮತ್ತ ನೀವೇನ್ ಮಾಡಿದ್ರಿ?”

“ಪುಸ್ತಕಕ್ಕ ಒಂದು ಪೆನ್ನು ದಾರದಾಗ ಕಟ್ಟೀನಿ. ಪೆನ್ನು ಯಾರ ಕೈಯಾಗ ಐತಿ, ಅವರದ ಪಾಳಿ. ಬರೀ ಬರಿಯೂದಷ್ಟ ಅಲ್ರಿ, ಹಳೇ ಬಾಕಿ ಓದೂದೂ ಪೆನ್ನು ಹಿಡದ ಓದಬೇಕು. ಮೊದಲ ಓದಿಕೊಂಡು ಆಮ್ಯಾಲೆ ಪೆನ್ನಿಗೆ ಕೈ ಹಾಕಿದ್ರ ಮತ್ತ ಅದ ಹಣೇಬಾರ.”

ಬೆಂಗಳೂರಿನ ಕಚೇರಿಗಳಲ್ಲಿ ಮ್ಯೂಟೆಕ್ಸ್ ಅಥವಾ ಲಾಕ್ ಎಂದು ಕರೆಯುವುದು ಈ ದಾರದ ಪೆನ್ನನ್ನೇ. ಮಾವ ಅದರ ಮುಂದಿನ ಸಂಕಟವನ್ನೂ ಬಲ್ಲ: ಒಬ್ಬ ಪೆನ್ನು ಹಿಡಿದು ಕ್ಯಾಲ್ಕುಲೇಟರಿಗೆ ಕಾಯುತ್ತಾನೆ, ಇನ್ನೊಬ್ಬ ಕ್ಯಾಲ್ಕುಲೇಟರ್ ಹಿಡಿದು ಪೆನ್ನಿಗೆ ಕಾಯುತ್ತಾನೆ, ಗಿರಾಕಿ ಎದ್ದು ಬೇರೆ ಅಂಗಡಿಗೆ ಹೋಗುತ್ತಾನೆ. “ಅದಕ್ಕ ಇಬ್ಬರೂ ಮೊದಲ ಪೆನ್ನು, ಆಮ್ಯಾಲೆ ಕ್ಯಾಲ್ಕುಲೇಟರ್ ಅಂತ ಠರಾವು ಮಾಡೇವಿ.” ಡೆಡ್‌ಲಾಕ್ ತಪ್ಪಿಸಲು ಪಠ್ಯಪುಸ್ತಕ ಹೇಳುವ ಉಪಾಯವೂ ಇದೇ.

ಅಳಿಯ ಸೋಲುವವನಲ್ಲ. “ಮಾವಾರ, ನಮ್ಮಲ್ಲಿ ಆರ್‌ಆರ್ ಅಂತ ಐತಿ, ಮೊಜಿಲ್ಲಾದಾಗ ಮಾಡಿದ್ದು. ನಡೆದದ್ದನ್ನೆಲ್ಲಾ ರೆಕಾರ್ಡ್ ಮಾಡಿಕೊಂಡು, ವಾಚ್ ಹಚ್ಚಿ, ಪ್ರೋಗ್ರಾಮನ್ನ ಹಿಂದಕ್ಕ ಓಡಿಸಬಹುದು. ಕೆಡಿಸಿದ ಜಾಗಕ್ಕ ತಾನ ಹೋಗಿ ನಿಲ್ಲತೈತಿ.” ಆ ಉಪಕರಣ ಥ್ರೆಡ್ಡುಗಳನ್ನು ಒಂದಾದ ಮೇಲೊಂದರಂತೆ ಒಂದೇ ಕೋರ್ ಮೇಲೆ ಓಡಿಸಿ ರೆಕಾರ್ಡ್ ಮಾಡುತ್ತದೆ ಎಂಬುದನ್ನು ಆತ ನುಂಗಿಕೊಳ್ಳುತ್ತಾನೆ. ಮಾವ ಕೇಳಿದರೆ, ಹಾಗಾದರೆ ಅದೂ ಪಾಳಿಯೇ ಆಯಿತಲ್ಲ ಎನ್ನುತ್ತಿದ್ದ.

ಹಾಗೆಂದು ವಾಚ್‌ಪಾಯಿಂಟನ್ನು ತೆಗೆದುಹಾಕುವಂತಿಲ್ಲ. ಸಾವಿರಾರು ಸಾಲಿನ ಕೋಡಿನಲ್ಲಿ ಆ ಜಾಗಕ್ಕೆ ಕೈ ಹಾಕುವವರು ಯಾರ‍್ಯಾರು ಎಂದು ತೋರಿಸಲು ಅದಕ್ಕಿಂತ ಚುರುಕಾದ ಕಣ್ಣು ಕಡಿಮೆ. ಆದರೆ ಮೊದಲ ಸಲ ಸಿಕ್ಕವನನ್ನೇ ಶೂಲಕ್ಕೇರಿಸದೆ, ಮುಂದಕ್ಕೆ ಓಡಲು ಬಿಟ್ಟು, ಆ ಜಾಗ ಮುಟ್ಟುವ ಎಲ್ಲರ ಪಟ್ಟಿ ಮಾಡಬೇಕು. ಒಬ್ಬೊಬ್ಬರೂ ಮುಟ್ಟುವಾಗ ಲಾಕ್ ಹಿಡಿದಿದ್ದರೇ ಎಂದು ನೋಡಬೇಕು. ಪಟ್ಟಿ ಉದ್ದವಾದರೆ ಥ್ರೆಡ್‌ಸ್ಯಾನಿಟೈಜರ್‌ನಂಥ ಪರೀಕ್ಷಕವಿದೆ. ಲಾಕ್ ಇಲ್ಲದೆ ಇಬ್ಬರು ಒಂದೇ ಜಾಗಕ್ಕೆ ಕೈ ಹಾಕಿದರೆ ಇಬ್ಬರ ಹೆಸರನ್ನೂ ಹೇಳುತ್ತದೆ.

ಆದ್ದರಿಂದ ಅಳಿಯಂದಿರೇ, ವಾಚ್ ಹಚ್ಚಿರಿ, ಕೈ ಹಿಡಿಯಿರಿ, ಆದರೆ ಫೋನ್ ಹಚ್ಚುವ ಮುಂಚೆ ಪಾಳಿ ಇತ್ತೋ ಇಲ್ಲವೋ ವಿಚಾರಿಸಿರಿ. ಪಾಳಿ ಇಲ್ಲದ ಕಡೆ ಬಗ್ಗು ಎಲ್ಲರದು. ಬೈಯುವುದಾದರೆ ಪೆನ್ನು ಕಟ್ಟದವನನ್ನು ಬೈಯಿರಿ.