ತಿರುಪುಳಿ ಭಾವ

ಭಾವ ಟ್ರೇಲರ್ ಕೊಂಡಿದ್ದಾರೆ ಎಂದು ಅಕ್ಕ ಕ್ಯಾಲಿಫೋರ್ನಿಯಾದಿಂದ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೂ ಕಬ್ಬು ಹಾಕಿದಾರೇನೇ?" ಮಂಡ್ಯದ ಕಡೆಯವರಿಗೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಓಲಾಡುತ್ತ ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿ. ಇದು 22 ಅಡಿ ಉದ್ದದ ಮನೆ, ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದು, ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇದೆ ಎಂದು ಅಕ್ಕ ವಿವರಿಸಿದಳು. "ಇರೋ ಮನೆ ಬಿಟ್ಟು ಇನ್ನೊಂದು ಮನೇನ ಎಳ್ಕೊಂಡು ತಿರುಗೋದು ಯಾವ ಜನ್ಮದ ಕರ್ಮ" ಎಂದು ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

ಭಾವನನ್ನು ನೀವು ಬಲ್ಲಿರಿ. ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಿ ಫ್ಯಾನು ಕಿರುಗುಟ್ಟಿದರೆ ಪಂಚೆ ಎತ್ತಿಕಟ್ಟಿ ಸ್ಟೂಲು ಹತ್ತುವವರು. ಚೆನ್ನಾಗಿ ಓಡುತ್ತಿರುವ ಮಿಕ್ಸಿಯ ಶಬ್ದವನ್ನೂ ತಲೆ ಓರೆ ಮಾಡಿ ಆಲಿಸಿ, "ಬೇರಿಂಗ್ ಹೋಗ್ತಾ ಇದೆ" ಎನ್ನುವವರು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದ ಭಾವ ಅಪ್ಪನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದರು. ರೇಡಿಯೋ ಹಾಡಿತು. ಎರಡು ಸ್ಕ್ರೂ ಮಾತ್ರ ಉಳಿದುಹೋದವು. "ಕಂಪನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಎಂದು ಅವನ್ನು ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ಅಂದಿನಿಂದ ಅವರು ತಿರುಪುಳಿ ಭಾವ. ಆ ಬಾಟಲಿ ಅವರ ಜೊತೆಗೇ ಅಮೆರಿಕಕ್ಕೆ ಹೋಗಿ ಈಗ ಗ್ಯಾರೇಜಿನ ಕಪಾಟಿನಲ್ಲಿ ಮುಕ್ಕಾಲು ತುಂಬಿ ಕೂತಿದೆ. ಕೊಳಾಯಿ ರಿಪೇರಿಯವನು ಬಾಗಿಲು ತಟ್ಟಿದ್ದಕ್ಕೇ ಬಿಲ್ಲು ಹಾಕುವ ದೇಶ ಅದು. ಇಂಥವರು ಅಲ್ಲಿ ಒಳ್ಳೇ ಗೊಬ್ಬರ ಬಿದ್ದ ಬದನೆಯಂತೆ ಬೆಳೆಯುತ್ತಾರೆ.

ಅಕ್ಟೋಬರಿನಲ್ಲಿ ನಾನು ಹೋದಾಗ ಯೊಸೆಮಿಟಿ ಕಣಿವೆಗೆ ಹೊರಟೆವು. ಟ್ರೇಲರಿನ ಮೂತಿಯ ಮೇಲೆ ಎರಡು ಸಿಲಿಂಡರ್, ಒಂದೊಂದರಲ್ಲಿ 20 ಪೌಂಡ್, ಅಂದರೆ ಸುಮಾರು 9 ಕೆಜಿ ಪ್ರೊಪೇನ್; ನಮ್ಮ ಮನೆಯ 14.2 ಕೆಜಿ ಸಿಲಿಂಡರಿನ ತಮ್ಮಂದಿರ ಹಾಗೆ. ಒಲೆ, ನೀರು ಕಾಯಿಸುವ ಹಂಡೆ, ಚಳಿಗೆ ಬಿಸಿಗಾಳಿ ಊದುವ ಹೀಟರು ಎಲ್ಲಕ್ಕೂ ಅದೇ ಗ್ಯಾಸು. ಅದು ಸೋರಿದರೆ ಎಚ್ಚರಿಸಲು ಅಂಗೈಯಗಲದ ಒಂದು ಡಿಟೆಕ್ಟರು ಒಲೆಯ ಹತ್ತಿರ, ನೆಲದಿಂದ ಒಂದು ಗೇಣು ಮೇಲೆ. "ಅಷ್ಟು ಕೆಳಗೆ ಯಾಕೆ ಭಾವ?" ಎಂದು ಕೇಳಿದ್ದೇ ನನ್ನ ತಪ್ಪು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೀರಿನ ಹಾಗೆ ನೆಲದ ಮೇಲೆ ಹರಡುತ್ತೆ. ನಿಮ್ಮ ಊರಿನ ಸಿಲಿಂಡರಿನಲ್ಲಿ ಬ್ಯೂಟೇನೂ ಇರುತ್ತೆ, ಅದು ಎರಡು ಪಟ್ಟು. ಆದರೆ ಬ್ಯೂಟೇನ್ ಸೊನ್ನೆ ಡಿಗ್ರಿ ಚಳಿಯಲ್ಲಿ ಆವಿಯಾಗೋಕೆ ಒದ್ದಾಡುತ್ತೆ, ಪ್ರೊಪೇನು ಮೈನಸ್ 42ರಲ್ಲೂ ಕುದಿಯುತ್ತೆ... ಕಣಿವೆ ಮುಟ್ಟುವವರೆಗೂ ಇದೇ ಆಯಿತು. ಒಂದೂ ಸುಳ್ಳಲ್ಲ. ಭಾವನ ತೊಂದರೆಯೇ ಅದು. ಅವರು ಹೇಳುವುದೆಲ್ಲ ನಿಜವೇ ಇರುತ್ತದೆ.

ರಾತ್ರಿ ಮೂರೂವರೆಗೆ "ಕೀಂಕ್" ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಕೀಂಕ್". ಭಾವ ಹಾಸಿಗೆಯಿಂದ ಚಿಮ್ಮಿದವರೇ ಲೈಟಿನ ಸ್ವಿಚ್ಚಿಗೆ ಕೈ ಹಾಕಿದರು. ಅಕ್ಕ ಆ ಕೈಗೆ ಫಟ್ಟೆಂದು ಒಂದು ಕೊಟ್ಟಳು. "ಗ್ಯಾಸ್ ಅಂತೀರಾ, ಸ್ವಿಚ್ ಒತ್ತೀರಾ! ಮೊದ್ಲು ಆಚೆ ನಡೀರಿ." ಇದು ನಮ್ಮ ಅಮ್ಮನ ಪಾಠ. ಅಡುಗೆಮನೆಯಲ್ಲಿ ವಾಸನೆ ಬಂದರೆ ರೆಗ್ಯುಲೇಟರ್ ಆರಿಸು, ಕಿಟಕಿ ಬಾಗಿಲು ತೆಗಿ, ಸ್ವಿಚ್ಚು ಮುಟ್ಟಬೇಡ, ಹೊರಗೆ ಹೋಗು. ಎಂಜಿನಿಯರಿಂಗ್ ಓದದ ಅಮ್ಮ ಕಲಿಸಿದ್ದರಲ್ಲಿ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಹೊರಗೆ ಹಲ್ಲು ಕಟಕಟಿಸುವ ಚಳಿ. ಅಕ್ಕ ಸಿಲಿಂಡರಿನ ವಾಲ್ವು ಮುಚ್ಚಿದಳು. ನಾನು ರಗ್ಗು ಹೊದ್ದು ನಿಂತೆ. ನಕ್ಷತ್ರಗಳ ಕೆಳಗೆ ಭಾವ ಶುರುಮಾಡಿದರು: "ಆ ಡಿಟೆಕ್ಟರೊಳಗೆ ತವರದ ಆಕ್ಸೈಡ್ ಇರುತ್ತೆ ಕಣಯ್ಯ. ಬಿಸಿ ಮಾಡಿ ಇಟ್ಟಿರ್ತಾರೆ. ಗ್ಯಾಸ್ ತಾಗಿದ್ರೆ ಅದರ ಪ್ರತಿರೋಧ ಬಿದ್ದೋಗುತ್ತೆ, ಕೂಗುತ್ತೆ. ಜಪಾನಿನ ತಗುಚಿ ಅನ್ನೋನು 1962ರಲ್ಲೇ ಪೇಟೆಂಟಿಗೆ ಹಾಕಿದ್ದು. ಆದ್ರೆ ಅದಕ್ಕೆ ಮೂಗಿದೆಯೇ ಹೊರತು ಬುದ್ಧಿ ಇಲ್ಲ. ಪ್ರೊಪೇನೂ ಒಂದೇ, ಬ್ರಾಂದಿ ಆವಿಯೂ ಒಂದೇ." ಅಕ್ಕ ಒಂದೇ ಮಾತು ಕೇಳಿದಳು: "ವಾಸನೆ ಬಂತಾ?" ಬಂದಿರಲಿಲ್ಲ. ಪ್ರೊಪೇನಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ ಬೆರೆಸಿರುತ್ತಾರೆ. ಇಂಗಿನ ಘಾಟಿಗೂ ಗಂಧಕವೇ ಕಾರಣ. ಹಾಗಾಗಿ ಹಿಂದಿನ ರಾತ್ರಿಯ ಸಾರಿನ ಒಗ್ಗರಣೆಯೂ ಭಾವನ ಅನುಮಾನದ ಪಟ್ಟಿಗೆ ಸೇರಿತು.

ಬೆಳಕು ಹರಿದ ಮೇಲೆ ತನಿಖೆ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ, ವಾಲ್ವು ತೆರೆದು, ಪ್ರತಿ ಕೀಲಿಗೂ ಬಳಿದರು. ಗುಳ್ಳೆ ಏಳಲಿಲ್ಲ. ಅಲ್ಲಿಗೆ ಸೋರಿಕೆ ಇಲ್ಲವೆಂದು ಖಾತ್ರಿಯಾಯಿತು. ಬೇರೆ ಯಾರಾದರೂ ಕಾಫಿ ಕುಡಿಯಲು ಕೂರುತ್ತಿದ್ದರು. ಭಾವ ನನ್ನ ಬ್ಯಾಗಿನಿಂದ ಡಿಯೋಡರೆಂಟ್ ಡಬ್ಬಿ ತೆಗೆದು ಡಿಟೆಕ್ಟರಿನ ಮುಖಕ್ಕೆ ಪುಸ್ಸೆನಿಸಿದರು. ಅದು ಎಡೆಬಿಡದೆ ಊಳಿಟ್ಟಿತು. "ನೋಡ್ದಾ! ಇದರಲ್ಲಿ ಸೆಂಟನ್ನ ಹೊರಗೆ ತಳ್ಳೋದೇ ಬ್ಯೂಟೇನು, ಪ್ರೊಪೇನು. ಅಪರಾಧಿ ಸಿಕ್ಕ." ಆಮೇಲೆ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರನ್ನು ಹಿಡಿದರು. ಅದಕ್ಕೂ ಊಳಿಟ್ಟಿತು. ಅಕ್ಕನ ಹೇರ್ ಸ್ಪ್ರೇಗೂ ಊಳಿಟ್ಟಿತು. ಒಂದು ಕೂಗಿಗೆ ಮೂವರು ಅಪರಾಧಿಗಳು ಸಿಕ್ಕಮೇಲೂ ಭಾವನಿಗೆ ತೃಪ್ತಿಯಿಲ್ಲ. ಕಣ್ಣು ದೋಸೆ ಹಿಟ್ಟಿನ ಪಾತ್ರೆಯ ಮೇಲೆ ಬಿತ್ತು. ಹುದುಗಲಿ ಎಂದು ಅಕ್ಕ ಅದನ್ನು ಹೀಟರಿನ ಬಿಸಿಗಾಳಿಯ ಬಾಯಿಯ ಪಕ್ಕ ನೆಲದ ಮೇಲಿಟ್ಟಿದ್ದಳು, ಡಿಟೆಕ್ಟರಿನಿಂದ ಎರಡು ಅಡಿ ದೂರದಲ್ಲಿ. ಹಿಟ್ಟು ಹುಳಿಯುವಾಗ ಬ್ಯಾಕ್ಟೀರಿಯಾ ಚೂರುಪಾರು ಆಲ್ಕೋಹಾಲನ್ನೂ ತಯಾರಿಸುತ್ತದಂತೆ. ನಿಜವೇ.

ಹೀಗೆ ನನ್ನ ಡಿಯೋಡರೆಂಟು, ಸ್ಯಾನಿಟೈಸರು, ಇಂಗಿನ ಡಬ್ಬಿ, ಹಿಟ್ಟಿನ ಪಾತ್ರೆ ಎಲ್ಲಕ್ಕೂ ಗಡಿಪಾರು. ಹೊರಗೆ ಸುಮ್ಮನೆ ಇಡುವಂತೆಯೂ ಇಲ್ಲ, ಕರಡಿಗಳ ಕಾಟ. ಅದಕ್ಕೇ ಅಲ್ಲಿ ಬಿಡಾರ ಹೂಡುವ ಕಡೆಯಲ್ಲೆಲ್ಲ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ನಮ್ಮ ಹಿಟ್ಟು ಆ ಪೆಟ್ಟಿಗೆಯೊಳಗೆ ಮರಗಟ್ಟಿತು. ಮರುದಿನದ ದೋಸೆ ಕಾವಲಿ ಬಿಟ್ಟು ಏಳಲಿಲ್ಲ. ಸುಳ್ಳು ಅಲಾರ್ಮಿನಿಂದ ನಮಗಾದ ನಿಜವಾದ ನಷ್ಟ ಅದೊಂದೇ.

ಡಿಟೆಕ್ಟರು ಮಾತ್ರ ಕೀಂಕ್ ಎನ್ನುತ್ತಲೇ ಇತ್ತು.

"ರೀ, ಸ್ವಲ್ಪ ಕೇಳಿಸ್ಕೊಳ್ಳಿ. ಸೆಂಟಿಗೆ ಅದು ಕೂಗ್ತು. ಈಗ ಕೂಗ್ತಿಲ್ಲ, ಬಿಕ್ಕಳಿಸ್ತಾ ಇದೆ" ಅಂದಳು ಅಕ್ಕ. ಮಗುವಿನ ಹಸಿವಿನ ಅಳುವಿಗೂ ನಿದ್ದೆಯ ಅಳುವಿಗೂ ವ್ಯತ್ಯಾಸ ಬಲ್ಲ ಕಿವಿ ಅದು. "ಕೂಗು ಅಂದ್ಮೇಲೆ ಕೂಗೇ ಕಣೇ" ಎಂದು ಭಾವ ಮೀಟರು ಹಿಡಿದು ಬ್ಯಾಟರಿಯ ಕಡೆಗೆ ನಡೆದರು.

ಇಲ್ಲಿ ಭಾವನಿಗೆ ನ್ಯಾಯ ಸಲ್ಲಬೇಕು. ಯೊಸೆಮಿಟಿಯ ಬಿಡಾರಗಳಲ್ಲಿ ಕರೆಂಟಿನ ಪ್ಲಗ್ಗು ಇಲ್ಲ, ಎಲ್ಲ ಟ್ರೇಲರಿನ 12 ವೋಲ್ಟ್ ಬ್ಯಾಟರಿಯ ಮೇಲೇ. ಹೀಟರು ಉರಿಯುವುದು ಗ್ಯಾಸಿನಿಂದಾದರೂ ಅದರ ಫ್ಯಾನು ತಿರುಗುವುದು ಬ್ಯಾಟರಿಯಿಂದ. ಚಳಿ ರಾತ್ರಿಯಿಡೀ ಫ್ಯಾನು ತಿರುಗಿ ಬೆಳಗಿನ ಜಾವಕ್ಕೆ ಬ್ಯಾಟರಿ ಸೊರಗುತ್ತದೆ, ವೋಲ್ಟೇಜು ಇಳಿದರೆ ಡಿಟೆಕ್ಟರು ತಾಳ ತಪ್ಪುತ್ತದೆ. ನಡುರಾತ್ರಿ ಕೂಗಿ ಹಗಲು ಸುಮ್ಮನಾಗುವ ಡಿಟೆಕ್ಟರುಗಳ ರೋಗ ಎಷ್ಟೋ ಸಲ ಇದೇ. ಮೀಟರು 11.2 ತೋರಿಸಿದಾಗ ಭಾವನ ಮುಖ ಗೌರಿಹಬ್ಬದ ಬಾಗಿನದಂತೆ ಅರಳಿತು. ತುಂಬಿದ ಬ್ಯಾಟರಿ 12.6 ಆದರೂ ಇರಬೇಕು. ಜನರೇಟರ್ ಓಡಿಸಲು ಅಲ್ಲಿ ಹೊತ್ತುಗೊತ್ತಿದೆ, ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು, ಸಂಜೆ ಎರಡು. ಸಂಧ್ಯಾವಂದನೆಯನ್ನು ಎಂದೂ ಮಾಡದ ಭಾವ ಮೂರು ಹೊತ್ತೂ ತಪ್ಪದೆ ಜನರೇಟರಿನ ಹಗ್ಗ ಎಳೆದರು. ಸಂಜೆಗೆ ಬ್ಯಾಟರಿ 12.7.

"ಕೀಂಕ್."

ಭಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಇಂಥವರೆಲ್ಲ ಕೊನೆಗೆ ಹೇಳುವ ಮಾತನ್ನೇ ಹೇಳಿದರು: "ವೈರು ಕಿತ್ತಾಕ್ಬಿಡ್ತೀನಿ." ರಾತ್ರಿ ಮೂರೂವರೆಗೆ, ಗಾಳಿಯಲ್ಲಿ ಪ್ರೊಪೇನು ಬರೀ ನೂರಕ್ಕೆ ಎರಡು ಪಾಲು ದಾಟಿದರೆ ಕಿಡಿ ಸಾಕು ಎಂದು ನಮಗೆ ಪಾಠ ಹೇಳಿದ ಬಾಯಿ ಇದೇ! ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಕಿತ್ತರೆ ನಾನು ಕಾರಲ್ಲಿ ಮಲಗ್ತೀನಿ. ಅದರ ಪುಸ್ತಕ ಎಲ್ಲಿ?"

ಪುಸ್ತಕ ಇತ್ತು. ಊಟದ ಮೇಜಿನ ಒಂದು ಕಾಲು ಕುಂಟುತ್ತಿತ್ತೆಂದು ಭಾವ ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ತುರುಕಿದ್ದರು. ಮ್ಯಾನ್ಯುಯಲ್ ಓದುವುದೆಂದರೆ ಅವರಿಗೆ ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ. ಅಕ್ಕ ಅದನ್ನು ಎಳೆದು ಬಿಡಿಸಿ ಓದಿದಳು. ಎಡೆಬಿಡದೆ ಕೂಗಿದರೆ ಗ್ಯಾಸು. ಅರ್ಧ ನಿಮಿಷಕ್ಕೊಮ್ಮೆ ಕೀಂಕ್ ಎಂದು ಕೆಂಪು ದೀಪ ಮಿಟುಕಿದರೆ ಆಯುಸ್ಸು ಮುಗಿಯಿತು, ಬದಲಿಸಿ. ಆ ತವರದ ಮೂಗು ವರ್ಷಗಟ್ಟಲೆ ಬೆಂದು ಮೊಂಡಾಗುವುದರಿಂದ ಇವಕ್ಕೆ ಐದರಿಂದ ಏಳು ವರ್ಷದ ಲೆಕ್ಕ ಹಾಕಿ, ಮುಗಿದಾಗ ತಾನೇ ಹೇಳುವಂತೆ ಮಾಡಿರುತ್ತಾರೆ. ಎರಡು ಸ್ಕ್ರೂ ತೆಗೆದು ಡಿಟೆಕ್ಟರನ್ನು ತಿರುವಿದರೆ ಬೆನ್ನ ಮೇಲೆ ಅಚ್ಚಾಗಿತ್ತು: 2015. ನಾವಿದ್ದದ್ದು 2023ರಲ್ಲಿ. ಟ್ರೇಲರು ಸೆಕೆಂಡ್ ಹ್ಯಾಂಡು. ಕೊಳ್ಳುವಾಗ ಭಾವ ಟೈರು ಒದ್ದು ನೋಡಿದ್ದರು, ಚಾವಣಿ ಹತ್ತಿ ನೋಡಿದ್ದರು, ಸಿಂಕಿನ ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದ್ದರು.

"ನಾನು ಹೇಳ್ಲಿಲ್ವಾ, ಸೆನ್ಸರ್ ಪ್ರಾಬ್ಲಮ್ ಅಂತ?" ಅಂದರು ಭಾವ.

ಮಾರನೆಯ ದಿನವೇ ಕಣಿವೆ ಇಳಿದು ಅಂಗಡಿಗೆ ಹೋದೆವು. ಎಂಬತ್ತು ಡಾಲರಿಗೆ ಅರ್ಧ ಗಂಟೆ ಹೊಟ್ಟೆ ಉರಿದುಕೊಂಡ ಮೇಲೆ ಹೊಸ ಡಿಟೆಕ್ಟರು ಬಂತು. ಕೆಂಪು ವೈರು, ಕಪ್ಪು ವೈರು, ಎರಡು ಸ್ಕ್ರೂ, ಹತ್ತು ನಿಮಿಷದ ಕೆಲಸ. ಭಾವ ಅದಕ್ಕೆ ಒಂದೂವರೆ ಗಂಟೆ ತೆಗೆದುಕೊಂಡರು. ಹಳೆಯದನ್ನು ಬಿಸಾಡಲಿಲ್ಲ, ಮನೆಗೆ ಹೋದ ರಾತ್ರಿಯೇ ಗ್ಯಾರೇಜಿನಲ್ಲಿ ಅದರ ಹೊಟ್ಟೆ ಸೀಳಿ ನನಗೆ ತಗುಚಿಯ ಮೂಗು ತೋರಿಸಿದರು. ಅದರ ಸ್ಕ್ರೂಗಳು ಹಾರ್ಲಿಕ್ಸ್ ಬಾಟಲಿ ಸೇರಿದವು.

ಹೊಸದರ ಬೆನ್ನ ಮೇಲೂ ತಾರೀಕು ಇದೆ. ಅದನ್ನು ನಂಬದೆ ಅಕ್ಕ ಮುಖದ ಮೇಲೇ ಕಪ್ಪು ಮಾರ್ಕರಿನಲ್ಲಿ ದಪ್ಪಗೆ 2030 ಎಂದು ಬರೆದಿದ್ದಾಳೆ. ಅದರ ಕೆಳಗೆ, ಕನ್ನಡದಲ್ಲಿ: ಬಿಚ್ಚಬೇಡಿ.